ಕಣಜವೂ ಹಗೇವೂ

ಸಂಜೆ ಆರೂವರೆ. ಬೆಂಗಳೂರಿನ ಒಂದು ಸಂಶೋಧನಾಲಯದ ಎರಡನೇ ಮಹಡಿ. ಲ್ಯಾಪ್‌ಟಾಪಿನ ಫ್ಯಾನು ಒಮ್ಮೆಲೇ ಜೋರಾಗಿ ತಿರುಗತೊಡಗಿತು, ಮೌಸಿನ ಬಾಣ ನಿಂತಲ್ಲೇ ನಿಂತಿತು. ಎರಡು ನಿಮಿಷ ಕಳೆದ ಮೇಲೆ ಪರದೆಯಲ್ಲಿ ಸಂದೇಶ ಮೂಡಿತು: ಪೈಥಾನ್ ಕೋಡನ್ನು ನಡೆಸುತ್ತಿದ್ದ ಕರ್ನಲ್ ಸತ್ತಿದೆ. ಆ ದಿನ ಹಾಗಾದದ್ದು ಮೂರನೇ ಸಲ. ತೀರ್ಥಹಳ್ಳಿ ಕಡೆಯ ಆ ಸಂಶೋಧನಾ ವಿದ್ಯಾರ್ಥಿ ಲ್ಯಾಪ್‌ಟಾಪನ್ನು ಎತ್ತಿಕೊಂಡು ಹಿರಿಯ ವಿಜ್ಞಾನಿಯ ಮೇಜಿನ ಹತ್ತಿರ ಬಂದು ನಿಂತ.

“ಮೇಡಂ, ನನಗೆ 64 ಜಿಬಿ ಮೆಮೊರಿ ಇರೋ ಕಂಪ್ಯೂಟರ್ ಬೇಕು. ಇದು ಬರೀ 16 ಜಿಬಿ. ಇದರಲ್ಲಿ ಆಗುವ ಕೆಲಸ ಅಲ್ಲ.”

“64 ಸಾಕಾಗುತ್ತೆ ಅಂತ ಹೇಗೆ ಲೆಕ್ಕ ಹಾಕಿದೆ?”

ಲೆಕ್ಕ ಹಾಕಿರಲಿಲ್ಲ. ಫೈಲುಗಳು 18 ಜಿಬಿ ಇವೆ, ಅದರ ಮೂರು ಪಟ್ಟು ಮೆಮೊರಿ ಇದ್ದರೆ ಸಾಕು ಎಂಬುದು ಅವನ ಅಂದಾಜು. ಅವರು ಒಂದು ಹಾಳೆ ಎಳೆದುಕೊಂಡು ಅವನ ಮುಂದಿಟ್ಟರು. “ಕೂತ್ಕೋ. ಏನು ಬೇಕು ನಿನಗೆ, ಅದನ್ನು ಮೊದಲು ಹೇಳು.”

ಅವನ ವಿಷಯ ಅಡಿಕೆಯ ಕೊಳೆರೋಗ. ಬಿಡದೆ ಸುರಿಯುವ ಮಳೆ, ತಂಪು ಹವೆ, ಒದ್ದೆ ಗೊನೆ ಸೇರಿದಾಗ ಮಲೆನಾಡಿನ ತೋಟಗಳಿಗೆ ಬರುವ ರೋಗ ಅದು. 2019ರ ಆಗಸ್ಟ್‌ನಲ್ಲಿ ಕರ್ನಾಟಕದಲ್ಲಿ ನೆರೆ ಬಂದಿತ್ತಲ್ಲ, ಆ ವರ್ಷ ಆಗುಂಬೆ ಸುತ್ತಮುತ್ತ ಗಂಟೆ ಗಂಟೆಗೂ ತಾಪಮಾನ ಎಷ್ಟಿತ್ತು, ದಿನ ದಿನಕ್ಕೆ ಮಳೆ ಎಷ್ಟಿತ್ತು ಎಂದು ಅವನು ನೋಡಬೇಕು. ತಾಪಮಾನಕ್ಕೆ ಯುರೋಪಿನ ಹವಾಮಾನ ಕೇಂದ್ರ ಸಿದ್ಧಪಡಿಸುವ ಇಆರ್‌ಎ5, ಮಳೆಗೆ ನಮ್ಮದೇ ಭಾರತೀಯ ಹವಾಮಾನ ಇಲಾಖೆಯ ಚೌಕಳಿ ದತ್ತಾಂಶ.

“ಇಆರ್‌ಎ5ರಲ್ಲಿ ಭೂಮಿಯನ್ನು ಎಷ್ಟು ಚೌಕ ಮಾಡಿದ್ದಾರೆ?”

“ಕಾಲು ಡಿಗ್ರಿಗೊಂದು. ರೇಖಾಂಶದ ಉದ್ದಕ್ಕೆ 1440, ಅಕ್ಷಾಂಶದ ಉದ್ದಕ್ಕೆ 721.”

“ಗುಣಿಸು.”

10,38,240. ಗಂಟೆಗೊಂದು ಭೂಪಟ, ವರ್ಷಕ್ಕೆ 8760 ಗಂಟೆ. ಒಟ್ಟು 909 ಕೋಟಿ ಚಿಲ್ಲರೆ ಸಂಖ್ಯೆಗಳು. ಅವನ ಫೈಲುಗಳು ಹಿಂದೆ ಯಾರೋ ಇಳಿಸಿಟ್ಟ ಹಳೆಯ ಬಗೆಯ ನೆಟ್‌ಸಿಡಿಎಫ್, ತಿಂಗಳಿಗೊಂದರಂತೆ 12. ಅವುಗಳಲ್ಲಿ ಒಂದೊಂದು ಸಂಖ್ಯೆಯೂ 2 ಬೈಟಿನ ಪೂರ್ಣಾಂಕ. ಅದನ್ನು ಯಾವುದರಿಂದ ಗುಣಿಸಿ ಯಾವುದನ್ನು ಕೂಡಿದರೆ ನಿಜವಾದ ತಾಪಮಾನ ಸಿಗುತ್ತದೆ ಎಂಬುದನ್ನು ಫೈಲಿನ ತಲೆಯಲ್ಲೇ ಬರೆದಿಟ್ಟಿರುತ್ತಾರೆ. ಜಾಗ ಉಳಿಸಲು ಕಂಡುಕೊಂಡ ದಾರಿ ಅದು. 909 ಕೋಟಿಯನ್ನು 2 ಬೈಟಿನಿಂದ ಗುಣಿಸಿದರೆ 18 ಜಿಬಿ. ಲೆಕ್ಕ ಸರಿಹೋಯಿತು.

“ಈಗ ಪೈಥಾನ್ ಏನು ಮಾಡುತ್ತೆ? ಆ ಪೂರ್ಣಾಂಕವನ್ನು ಬಿಡಿಸಿ ದಶಮಾಂಶ ಸಂಖ್ಯೆ ಮಾಡುತ್ತೆ. 4 ಬೈಟಿನ ದಶಮಾಂಶ ಆದರೆ 36 ಜಿಬಿ. 8 ಬೈಟಿನದು ಆದರೆ?”

ಅವನು ಬರೆದ: 72.8 ಜಿಬಿ.

“64ರ ಕಂಪ್ಯೂಟರ್ ಕೊಟ್ಟಿದ್ದರೂ ಕರ್ನಲ್ ಸಾಯ್ತಿತ್ತು,” ಅಂದರು ಅವರು. “ಡಿಸ್ಕಿನ ಮೇಲೆ ಫೈಲು ಎಷ್ಟು ಜಾಗ ಹಿಡಿದಿದೆ ಅನ್ನೋದು ಒಂದು ಮಾತು, ಮೆಮೊರಿಗೆ ಬಂದು ಬಿಚ್ಚಿಕೊಂಡ ಮೇಲೆ ಎಷ್ಟಾಗುತ್ತೆ ಅನ್ನೋದು ಇನ್ನೊಂದು. ಫೈಲಿನ ಗಾತ್ರ ನೋಡಿ ಯಾವತ್ತೂ ಅಂದಾಜು ಕಟ್ಟಬೇಡ. ಅಕ್ಷಾಂಶ ಎಷ್ಟು, ರೇಖಾಂಶ ಎಷ್ಟು, ಕಾಲ ಎಷ್ಟು, ಒಂದು ಸಂಖ್ಯೆಗೆ ಎಷ್ಟು ಬೈಟು: ನಾಲ್ಕನ್ನೂ ಗುಣಿಸಿ ನೋಡು.”

ಅವನು ಬರೆದಿದ್ದ ಸಾಲನ್ನು ತೋರಿಸಿದ. ಎಕ್ಸ್‌ಅರೇ ಎಂಬ ಲೈಬ್ರರಿಯಿಂದ 12 ಫೈಲುಗಳನ್ನು ಒಟ್ಟಿಗೆ ತೆರೆದಿದ್ದ. ತಾಪಮಾನವನ್ನು ಹೆಸರಿಸಿ, ‘ಲೋಡ್’ ಎಂದು ಬರೆದು, ಅದಾದ ಮೇಲೆ ‘ಸೆಲ್’ ಎಂದು ಆಗುಂಬೆಯ ಅಕ್ಷಾಂಶ ರೇಖಾಂಶ ಕೊಟ್ಟಿದ್ದ.

“ತೆರೆಯೋದಕ್ಕೆ ಎಷ್ಟು ಹೊತ್ತು ಹಿಡೀತು?”

“ಒಂದೆರಡು ಸೆಕೆಂಡ್.”

“ಎರಡು ಸೆಕೆಂಡಿನಲ್ಲಿ 18 ಜಿಬಿ ಓದೋ ಡಿಸ್ಕ್ ನಿನ್ನ ಲ್ಯಾಪ್‌ಟಾಪಿನಲ್ಲಿ ಇಲ್ಲ. ಅಂದರೆ ತೆರೆದಾಗ ಅದು ಸಂಖ್ಯೆಗಳನ್ನು ಓದೇ ಇಲ್ಲ. ಹೆಸರು, ಆಕಾರ, ಅಳತೆ, ಇಷ್ಟನ್ನೇ ನೋಡಿಕೊಂಡಿದೆ. ಯಾವುದು ಬೇಕು ಅಂತ ನೀನು ಹೇಳಲಿ ಅಂತ ಕಾಯ್ತಾ ಕೂತಿದೆ. ನೀನು ‘ಲೋಡ್’ ಅಂದೆ. ಎಲ್ಲವನ್ನೂ ತಾ ಅಂದ ಹಾಗಾಯ್ತು. ತಂದ ಮೇಲೆ ಆಗುಂಬೆ ಆರಿಸು ಅಂದೆ. ಆ ಎರಡು ಪದಗಳನ್ನು ಹಿಂದುಮುಂದು ಮಾಡು, ಸಾಕು.”

ಮೊದಲು ‘ಸೆಲ್’, ಆಮೇಲೆ ‘ಲೋಡ್’. ಒಂದು ಚೌಕದ ಬದಲು ಇಡೀ ಕರ್ನಾಟಕ ಬೇಕಾದರೂ, ಉತ್ತರ ಅಕ್ಷಾಂಶ 11.5ರಿಂದ 18.5, ಪೂರ್ವ ರೇಖಾಂಶ 74ರಿಂದ 78.75 ಎಂದು ಹಿಡಿದರೆ 29ಕ್ಕೆ 20, ಅಂದರೆ 580 ಚೌಕ. ಹತ್ತು ಲಕ್ಷ ಚಿಲ್ಲರೆಯಲ್ಲಿ 580. ವರ್ಷವಿಡೀ ಸೇರಿದರೂ 4 ಬೈಟಿನ ದಶಮಾಂಶದಲ್ಲಿ 20 ಎಂಬಿ. ಫೋನಿನಲ್ಲಿ ತೆಗೆದ ನಾಲ್ಕಾರು ಫೋಟೋಗಳಷ್ಟು.

ಅವನು ಉತ್ಸಾಹದಿಂದ ಟೈಪು ಮಾಡಿದ. ಉತ್ತರ ಬಂತು, ಆದರೆ ಖಾಲಿ. ಸೊನ್ನೆ ಸಾಲು.

“ಅಕ್ಷಾಂಶ ಹೇಗೆ ಬರೆದೆ?”

“11.5ರಿಂದ 18.5.”

“ಇಆರ್‌ಎ5ರಲ್ಲಿ ಅಕ್ಷಾಂಶ ಉತ್ತರ ಧ್ರುವದಿಂದ ಶುರುವಾಗಿ ಕೆಳಗೆ ಇಳಿಯುತ್ತೆ. 90, 89.75, 89.5, ಹೀಗೆ. ಮೇಲಿಂದ ಕೆಳಗೆ ಕೇಳಬೇಕು: 18.5ರಿಂದ 11.5. ನಮ್ಮ ಹವಾಮಾನ ಇಲಾಖೆಯ ಮಳೆ ಫೈಲು ಇದಕ್ಕೆ ಉಲ್ಟಾ, ದಕ್ಷಿಣದಿಂದ ಉತ್ತರಕ್ಕೆ ಹೋಗುತ್ತೆ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಕೆಲಸ ಮಾಡುವವರು ಇದನ್ನು ಗೋಡೆಗೆ ಬರೆದು ಅಂಟಿಸಿಕೊಳ್ಳಬೇಕು.”

ತಿದ್ದಿದ. ಈ ಸಲ ಫ್ಯಾನು ಸದ್ದು ಮಾಡಲಿಲ್ಲ. ಅದರಲ್ಲಿ ಆಗುಂಬೆಯ ಚೌಕ ಆರಿಸಿದ ಕೂಡಲೇ 8760 ಸಂಖ್ಯೆಗಳ ಒಂದು ಗೆರೆ ಪರದೆಯ ಮೇಲೆ ಎದ್ದು ನಿಂತಿತು.

ಮಳೆಯ ಸರದಿ ಬಂದಾಗ ಅವನೇ ಮಾತು ತೆಗೆದ. “ಇದಕ್ಕೆ ನೆಟ್‌ಸಿಡಿಎಫ್ ತರಹ ತಲೆಬರಹ ಏನೂ ಇಲ್ಲ ಮೇಡಂ. ಬರೀ ಬೈಟುಗಳು. ತೆರೆದರೆ ಅರ್ಥವೇ ಆಗಲ್ಲ.”

“ಅದೇ ಅದರ ಚಂದ,” ಅಂದರು ಅವರು. ಅವರ ದನಿಯಲ್ಲಿ ನಿಜವಾದ ಪ್ರೀತಿ ಇತ್ತು. “ಎಷ್ಟು ಸರಳವಾಗಿದೆ ನೋಡು. ಪೂರ್ವ–ಪಶ್ಚಿಮ 135 ಚೌಕ, ದಕ್ಷಿಣ–ಉತ್ತರ 129. ಒಂದು ದಿನಕ್ಕೆ 17,415 ಸಂಖ್ಯೆ. ಒಂದೊಂದಕ್ಕೂ 4 ಬೈಟು. ದಿನಕ್ಕೆ 69,660 ಬೈಟು. ಈಗ ನಿನ್ನ 2019ರ ಫೈಲಿನ ಗಾತ್ರ ನೋಡು.”

2,54,25,900 ಬೈಟು.

“69,660ರಿಂದ ಭಾಗಿಸು.”

ಸರಿಯಾಗಿ 365. ಶೇಷ ಇಲ್ಲ.

“ಶೇಷ ಉಳಿದಿದ್ದರೆ ಫೈಲು ಅರ್ಧಕ್ಕೇ ಇಳಿದಿದೆ ಅಂತ. ಇದು ಪೂರ್ತಿ ಇದೆ. ಮೊದಲ ಸಂಖ್ಯೆ ಜನವರಿ 1ರದ್ದು, 6.5 ಅಕ್ಷಾಂಶ, 66.5 ರೇಖಾಂಶದ ಚೌಕ. ಅಲ್ಲಿಂದ ಪೂರ್ವಕ್ಕೆ ಕಾಲು ಡಿಗ್ರಿಯಂತೆ ನಡೆಯುತ್ತೆ, ಸಾಲು ಮುಗಿದ ಮೇಲೆ ಉತ್ತರಕ್ಕೆ ಒಂದು ಮೆಟ್ಟಿಲು ಹತ್ತುತ್ತೆ. ಆಗುಂಬೆಗೆ ಹತ್ತಿರದ ಚೌಕ 13.5, 75. ಎಷ್ಟನೇ ಮೆಟ್ಟಿಲು?”

ಅವನು ಬೆರಳು ಮಡಿಸಿದ. 6.5ರಿಂದ 13.5ಕ್ಕೆ 7 ಡಿಗ್ರಿ, ಅಂದರೆ 28 ಮೆಟ್ಟಿಲು. 66.5ರಿಂದ 75ಕ್ಕೆ 8.5 ಡಿಗ್ರಿ, 34 ಹೆಜ್ಜೆ. 28 ಸಾಲು ಪೂರ್ತಿ ದಾಟಬೇಕು, ಸಾಲಿಗೆ 135ರಂತೆ 3780. ಮೇಲೆ 34 ಸೇರಿ 3814. ನಾಲ್ಕರಿಂದ ಗುಣಿಸಿದರೆ 15,256ನೇ ಬೈಟು. ಆಗಸ್ಟ್ 8 ವರ್ಷದ 220ನೇ ದಿನ, ಅದಕ್ಕೆ ಮೊದಲಿನ 219 ದಿನ ದಾಟಬೇಕು. 69,660ನ್ನು 219ರಿಂದ ಗುಣಿಸಿ 15,256 ಕೂಡಿದ. 1,52,70,796.

“ನೋಡಿದೆಯಾ? 2019ರ ಆಗಸ್ಟ್ 8ರಂದು ಆಗುಂಬೆಯ ಚೌಕದಲ್ಲಿ ಎಷ್ಟು ಮಳೆ ಅಂತ ಇಲಾಖೆ ಲೆಕ್ಕ ಹಾಕಿತೋ, ಆ ಸಂಖ್ಯೆ ಈ ಫೈಲಿನ 1,52,70,796ನೇ ಬೈಟಿನಿಂದ ನಾಲ್ಕು ಬೈಟು ಜಾಗದಲ್ಲಿ ಕೂತಿದೆ. ಬೇರೆ ಎಲ್ಲೂ ಇಲ್ಲ. ಅಲ್ಲಿಗೆ ನೇರ ಹೋಗಬಹುದು.”

ಹೋಗುವ ದಾರಿಯ ಹೆಸರು ಮೆಮ್‌ಮ್ಯಾಪ್. ನಂಪೈ ಲೈಬ್ರರಿಯಲ್ಲಿ ಫೈಲಿನ ಹೆಸರು, ಸಂಖ್ಯೆಯ ಬಗೆ, ‘365, 129, 135’ ಎಂಬ ಆಕಾರ ಕೊಟ್ಟರೆ, ಇಡೀ ಫೈಲು ಮೆಮೊರಿಯಲ್ಲೇ ಇದೆಯೇನೋ ಎಂಬಂತೆ ಒಂದು ಅರೇ ಸಿಗುತ್ತದೆ. ನಿಜವಾಗಿ ಆಗ ಏನೂ ಓದಿರುವುದಿಲ್ಲ. ಯಾವ ಸಂಖ್ಯೆಯನ್ನು ಮುಟ್ಟುತ್ತೇವೋ ಅದಿರುವ ಪುಟವನ್ನು ಮಾತ್ರ ಆಪರೇಟಿಂಗ್ ಸಿಸ್ಟಮ್ ಡಿಸ್ಕಿನಿಂದ ಎತ್ತಿಕೊಡುತ್ತದೆ. ಸಾಮಾನ್ಯವಾಗಿ ಒಂದು ಪುಟವೆಂದರೆ 4096 ಬೈಟು. ಮುಂದಿನದ್ದೂ ಬೇಕಾದೀತೆಂದು ಅಕ್ಕಪಕ್ಕದ ಪುಟಗಳನ್ನೂ ಕೆಲವೊಮ್ಮೆ ತಂದಿಡುತ್ತದೆ. ತಂದ ಪುಟ ಮೆಮೊರಿ ಬಿಗಿಯಾಗುವವರೆಗೆ ಅಲ್ಲೇ ಉಳಿಯುವುದರಿಂದ, ಅದೇ ಪ್ರಶ್ನೆಯನ್ನು ಎರಡನೇ ಸಲ ಕೇಳಿದರೆ ಉತ್ತರ ಕಣ್ಣು ಮಿಟುಕಿಸುವಷ್ಟರಲ್ಲಿ ಬರುತ್ತದೆ. 1901ರಿಂದ 2023ರವರೆಗಿನ 123 ವರ್ಷದ ಫೈಲುಗಳು ಒಟ್ಟು 3.1 ಜಿಬಿ. 4 ಜಿಬಿ ಮೆಮೊರಿಯ ಹಳೆಯ ಕಂಪ್ಯೂಟರಿನಲ್ಲೂ ಹೀಗೆ ವರ್ಷಕ್ಕೊಂದರಂತೆ ತೆರೆದು ಆಗುಂಬೆಯ ಅಷ್ಟೂ ದಿನಗಳ ಮಳೆ ಹೆಕ್ಕಬಹುದು.

ವಿದ್ಯಾರ್ಥಿ ಎಲ್ಲ ಚೌಕಗಳನ್ನೂ ಸೇರಿಸಿ ಸರಾಸರಿ ತೆಗೆದ. ಮಳೆ ಸೊನ್ನೆಗಿಂತ ಕಡಿಮೆ ಎಂದು ಬಂತು.

“ಸಮುದ್ರದ ಚೌಕಗಳನ್ನೂ ಸೇರಿಸಿದೆ,” ಅಂದರು ಅವರು, ಪರದೆ ನೋಡದೆಯೇ. “ದತ್ತಾಂಶ ಇಲ್ಲದ ಕಡೆ –999 ಅಂತ ಬರೆದಿರುತ್ತಾರೆ. ಅವನ್ನು ಮೊದಲು ಕಳೆದುಹಾಕು. ಇನ್ನೊಂದು ವಿಷಯ: ಇಲಾಖೆಯ ಮಳೆಯ ‘ದಿನ’ ಅಂದರೆ ಬೆಳಗ್ಗೆ ಎಂಟೂವರೆಯಿಂದ ಮರುದಿನ ಬೆಳಗ್ಗೆ ಎಂಟೂವರೆಗೆ. ಇಆರ್‌ಎ5ರ ಗಂಟೆಗಳು ಜಾಗತಿಕ ಕಾಲಮಾನದವು, ಯುಟಿಸಿ. ಜೋಡಿಸುವಾಗ ಮರೀಬೇಡ.”

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ. “ಹಾಗಾದರೆ ಇಆರ್‌ಎ5ನ್ನೂ ಹೀಗೆ ಬರೀ ಬೈಟುಗಳಾಗಿ ಇಟ್ಟುಕೊಂಡರೆ ಆಯಿತಲ್ಲ ಮೇಡಂ? ಯಾಕೆ ಬೇರೆ ಬೇರೆ ಬಗೆಯ ಫೈಲು?”

ಈ ಪ್ರಶ್ನೆಗಾಗಿಯೇ ಕಾದಿದ್ದವರಂತೆ ಅವರು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. ಅವರ ಊರು ಚಿತ್ರದುರ್ಗದ ಬಯಲುಸೀಮೆ.

“ನಮ್ಮ ಅಜ್ಜನ ಮನೆಯಲ್ಲಿ ಕಾಳು ಇಡೋದಕ್ಕೆ ಎರಡು ವ್ಯವಸ್ಥೆ ಇತ್ತು. ಮನೆಯೊಳಗೆ ಬಿದಿರಿನ ಕಣಜ. ಬುಡದಲ್ಲಿ ಒಂದು ತೂತು. ಸೇರು ಬೇಕಾದರೆ ಸೇರು, ಬಳ್ಳ ಬೇಕಾದರೆ ಬಳ್ಳ, ಬಟ್ಟೆ ತೆಗೆದು ಹಿಡಿದರೆ ಆಯಿತು. ಹೊರಗೆ ನೆಲದೊಳಗೆ ಹಗೇವು. ಅದರಲ್ಲಿ ರಾಗಿ ವರ್ಷಗಟ್ಟಲೆ ಕೆಡದೆ ಇರೋದು. ಆದರೆ ಬಾಯಿ ತೆಗೆದರೆ ಮುಗೀತು, ಅದರಲ್ಲಿರೋದನ್ನೆಲ್ಲ ಮೇಲೆ ತರಲೇಬೇಕು. ಒಂದು ಸೇರಿಗಾಗಿ ಯಾರೂ ಹಗೇವು ತೆಗೀತಿರಲಿಲ್ಲ.”

“ಮೆಮ್‌ಮ್ಯಾಪ್ ಕಣಜ.”

“ಹೌದು. ಒತ್ತಿ ಕುಗ್ಗಿಸಿದ ಫೈಲು ಹಗೇವು. ನೆಟ್‌ಸಿಡಿಎಫ್4 ಒಳಗೆ ಇರೋದು ಎಚ್‌ಡಿಎಫ್5. ಅದು ದತ್ತಾಂಶವನ್ನು ತುಂಡು ಮಾಡಿ, ಒಂದೊಂದು ತುಂಡನ್ನೂ ಬೇರೆ ಬೇರೆ ಕುಗ್ಗಿಸಿ ಇಡುತ್ತೆ. ಕುಗ್ಗಿಸಿದ ತುಂಡಿನಿಂದ ಒಂದೇ ಸಂಖ್ಯೆ ಬೇಕಾದರೂ ಇಡೀ ತುಂಡನ್ನು ಬಿಡಿಸಬೇಕು. ಹಾಗಾಗಿ ತುಂಡಿನ ಗಾತ್ರ, ಅದಕ್ಕಿಂತ ಹೆಚ್ಚಾಗಿ ತುಂಡಿನ ಆಕಾರ, ಇವೇ ನಿನ್ನ ಕೆಲಸ ಒಂದು ಗಳಿಗೆಯದೋ ಒಂದು ರಾತ್ರಿಯದೋ ಅಂತ ನಿರ್ಧರಿಸೋದು.”

ಅವರು ಹಾಳೆಯ ಮೇಲೆ ಒಂದು ಪೆಟ್ಟಿಗೆ ಬರೆದರು. ಒಂದು ಗಂಟೆಯ ಇಡೀ ಭೂಪಟ ಒಂದು ತುಂಡು ಎಂದಿಟ್ಟುಕೊಳ್ಳೋಣ. ಬಿಡಿಸಿದಾಗ ಅದು 4 ಎಂಬಿ ಚಿಲ್ಲರೆ. ಇಂಥ ಗಂಟೆಯ ಜಗತ್ತಿನ ನಕ್ಷೆ ತೋರಿಸು ಎಂದರೆ ಒಂದೇ ತುಂಡು ಬಿಡಿಸಿದರೆ ಮುಗಿಯಿತು. ಆಗುಂಬೆಯ ಒಂದು ವರ್ಷ ಕೊಡು ಎಂದರೆ? 8760 ತುಂಡುಗಳನ್ನೂ ಬಿಡಿಸಬೇಕು. ಕೈಗೆ ಬರುವುದು 35,040 ಬೈಟು, ಅದಕ್ಕಾಗಿ ಬಿಚ್ಚಿ ಎಸೆಯುವುದು 36 ಜಿಬಿ. ಮೆಮೊರಿ ತುಂಬದಿರಬಹುದು, ಸಮಯವಂತೂ ಹೋಗುತ್ತದೆ.

ಈಗ ಅಡ್ಡ ಕತ್ತರಿಸುವ ಬದಲು ಉದ್ದ ಕತ್ತರಿಸೋಣ. ವರ್ಷವಿಡೀ 8760 ಗಂಟೆ, 10ಕ್ಕೆ 10 ಚೌಕ. ತುಂಡು 3.5 ಎಂಬಿ. ಆಗುಂಬೆಗೆ ಒಂದೇ ತುಂಡು ಸಾಕು. ಆದರೆ ಒಂದು ಗಂಟೆಯ ನಕ್ಷೆ ಕೇಳಿದವರು 10,512 ತುಂಡುಗಳನ್ನು ಬಿಡಿಸಬೇಕು.

“ಮಧ್ಯದ ದಾರಿ?”

“ಇದೆ. 720 ಗಂಟೆ, 36ಕ್ಕೆ 36 ಚೌಕ. ತುಂಡಿನ ಗಾತ್ರ ಹೆಚ್ಚುಕಡಿಮೆ ಅಷ್ಟೇ. ಆಗುಂಬೆಯ ವರ್ಷಕ್ಕೆ 13 ತುಂಡು, ಒಂದು ಗಂಟೆಯ ನಕ್ಷೆಗೆ 840. ಇಬ್ಬರಿಗೂ ಪರವಾಗಿಲ್ಲ. ಒಂದೇ ಬಗೆಯ ಪ್ರಶ್ನೆಯನ್ನು ಸಾವಿರ ಸಲ ಕೇಳುವವನಾದರೆ ಫೈಲನ್ನು ಒಂದು ರಾತ್ರಿ ಕೂತು ನಿನ್ನ ಪ್ರಶ್ನೆಯ ಆಕಾರಕ್ಕೆ ಮರುಜೋಡಿಸಿಕೋ. ಒಂದೇ ಸಲ ಕೇಳುವುದಾದರೆ ಇದ್ದ ಹಾಗೇ ಓದು.”

ಕುಗ್ಗಿಸುವುದರಿಂದ ನಷ್ಟವೇ ಎಂದೇನಿಲ್ಲ. ಎಷ್ಟೋ ಸಲ ಡಿಸ್ಕ್ ನಿಧಾನ, ಪ್ರೊಸೆಸರ್ ಚುರುಕು. ಕಡಿಮೆ ಓದಿ ಬಿಡಿಸಿಕೊಳ್ಳುವುದೇ ಬೇಗ. ಎಚ್‌ಡಿಎಫ್5ರ ‘ಶಫಲ್’ ಎಂಬ ಉಪಾಯ ಇದಕ್ಕೆ ನೆರವಾಗುತ್ತದೆ. ಅಕ್ಕಪಕ್ಕದ ಊರುಗಳ ತಾಪಮಾನ 297.4, 297.5 ಕೆಲ್ವಿನ್ ಎಂದಿದ್ದರೆ ಆ ಸಂಖ್ಯೆಗಳ ಮೊದಲ ಬೈಟುಗಳು ಒಂದೇ, ಕೊನೆಯವು ಮಾತ್ರ ಬೇರೆ. ಎಲ್ಲ ಸಂಖ್ಯೆಗಳ ಮೊದಲ ಬೈಟುಗಳನ್ನು ಒಂದು ಕಡೆ, ಎರಡನೆಯವನ್ನು ಇನ್ನೊಂದು ಕಡೆ ಎಂದು ಬೇರ್ಪಡಿಸಿಟ್ಟರೆ ಒಂದೇ ಬೈಟು ಉದ್ದಕ್ಕೂ ಮತ್ತೆ ಮತ್ತೆ ಬರುತ್ತದೆ. ಅಂಥದ್ದು ಚೆನ್ನಾಗಿ ಕುಗ್ಗುತ್ತದೆ.

ತುಂಡಿನ ಈ ವಿಚಾರವನ್ನೇ ಇನ್ನೂ ಮುಂದಕ್ಕೆ ಒಯ್ದದ್ದು ಝಾರ್. ಆಕ್ಸ್‌ಫರ್ಡಿನಲ್ಲಿ ಮಲೇರಿಯಾ ಹರಡುವ ಸೊಳ್ಳೆಗಳ ತಳಿಮಾಹಿತಿಯ ಮೇಲೆ ಕೆಲಸ ಮಾಡುತ್ತಿದ್ದ ಅಲಿಸ್ಟೇರ್ ಮೈಲ್ಸ್ ಅದನ್ನು ಕಟ್ಟಿದರು. ಅದರಲ್ಲಿ ಒಂದೊಂದು ತುಂಡೂ ಬೇರೆಯದೇ ಒಂದು ಫೈಲು. ದೂರದ ಸರ್ವರಿನಲ್ಲಿರುವ ದತ್ತಾಂಶದಿಂದ ಬೇಕಾದ ತುಂಡನ್ನಷ್ಟೇ ಇಂಟರ್‌ನೆಟ್ ಮೂಲಕ ತರಿಸಿಕೊಳ್ಳಬಹುದು. ಹಲವು ಕೆಲಸಗಳು ಏಕಕಾಲಕ್ಕೆ ಬೇರೆ ಬೇರೆ ತುಂಡುಗಳನ್ನು ಬರೆಯಬಹುದು. ಸೊಳ್ಳೆಯ ತಳಿಗಾಗಿ ಹುಟ್ಟಿದ ಆ ವ್ಯವಸ್ಥೆಯನ್ನು ಇಂದು ಹವಾಮಾನದವರು ತಮ್ಮದೇ ಎಂಬಂತೆ ಬಳಸುತ್ತಿದ್ದಾರೆ.

“ನನ್ನ ಸ್ನೇಹಿತ ಎಲ್ಲವನ್ನೂ ಸಿಎಸ್‌ವಿ ಮಾಡಿಕೊಳ್ತಾನೆ ಮೇಡಂ. ಎಕ್ಸೆಲ್‌ನಲ್ಲೂ ತೆರೀಬಹುದು ಅಂತ.”

“ಒಂದು ಸಾಲು ಬರಿ.”

ದಿನಾಂಕ, ಗಂಟೆ, ಅಕ್ಷಾಂಶ, ರೇಖಾಂಶ, ತಾಪಮಾನ, ನಡುವೆ ಅಲ್ಪವಿರಾಮ. ಎಣಿಸಿದರೆ ಸಾಲು ಮುಗಿಯುವ ಗುರುತೂ ಸೇರಿ 41 ಅಕ್ಷರ. ಪೂರ್ಣಾಂಕವಾಗಿ ಇಟ್ಟ ಫೈಲಿನಲ್ಲಿ 2 ಬೈಟು ಸಾಕಾಗಿದ್ದ ಸಂಖ್ಯೆಗೆ 41 ಬೈಟು. 909 ಕೋಟಿ ಸಾಲಿಗೆ 373 ಜಿಬಿ. ಅಷ್ಟೇ ಅಲ್ಲ, ‘2’, ‘9’, ‘7’ ಎಂಬ ಅಕ್ಷರಗಳನ್ನು ಒಂದೊಂದಾಗಿ ಓದಿ ಮತ್ತೆ ಸಂಖ್ಯೆಯಾಗಿ ಕಟ್ಟುವ ಕೆಲಸ ಬೇರೆ. ಸಾಲುಗಳ ಉದ್ದ ಸಮ ಇರುವುದಿಲ್ಲವಾದ್ದರಿಂದ ಕೋಟಿಯನೇ ಸಾಲಿಗೆ ನೇರ ಜಿಗಿಯಲೂ ಆಗುವುದಿಲ್ಲ.

“ಸಿಎಸ್‌ವಿಯಲ್ಲೇ ಕೊಟ್ಟಿದ್ದರೆ ವಿಧಿ ಇಲ್ಲ. ಪಾಂಡಾಸ್‌ನಲ್ಲಿ ಬೇಕಾದ ಕಾಲಂ ಮಾತ್ರ ಕೇಳು, ಸಂಖ್ಯೆಯ ಬಗೆ ನೀನೇ ಹೇಳು, ಒಂದು ಸಲಕ್ಕೆ ಲಕ್ಷ ಸಾಲಿನಂತೆ ಓದು. ಓದಿದ್ದನ್ನು ಒಮ್ಮೆ ಪಾರ್ಕೆ ಫೈಲಾಗಿ ಬರೆದಿಟ್ಟುಕೋ. ಅದು ಕಾಲಂ ಕಾಲಂ ಆಗಿ ಜೋಡಿಸಿಡುತ್ತೆ. ಐವತ್ತು ಕಾಲಂಗಳಲ್ಲಿ ಎರಡು ಸಾಕು ಅಂದರೆ ಎರಡನ್ನೇ ಓದುತ್ತೆ.”

ಕಿಟಕಿಯಾಚೆ ಕತ್ತಲಾಗಿತ್ತು. ಅವನಿಗೆ ಇನ್ನೂ ಒಂದು ಅನುಮಾನ ಉಳಿದಿತ್ತು. “ನಿಜವಾಗಿಯೂ ಎಲ್ಲವೂ ಬೇಕಾದರೆ? ಇಡೀ ಜಗತ್ತಿನ, ಇಡೀ ವರ್ಷದ ಸರಾಸರಿ ನಕ್ಷೆ?”

“ಸರಾಸರಿಗೆ ಎಲ್ಲವೂ ಬೇಕು, ಒಟ್ಟಿಗೆ ಬೇಕಾಗಿಲ್ಲ. ಒಂದು ಗಂಟೆಯ ನಕ್ಷೆ ಓದು, ಮೊತ್ತಕ್ಕೆ ಕೂಡು, ಬಿಡು. ಮುಂದಿನದನ್ನು ಓದು. ಕೊನೆಗೆ 8760ರಿಂದ ಭಾಗಿಸು. ಮೆಮೊರಿಯಲ್ಲಿ ಯಾವಾಗಲೂ ಇರೋದು ಎರಡು ನಕ್ಷೆ ಮಾತ್ರ. ಆದರೆ ಮೊತ್ತವನ್ನು 8 ಬೈಟಿನಲ್ಲಿ ಇಟ್ಟುಕೋ.”

“ತಾಪಮಾನಕ್ಕೆ 4 ಬೈಟು ಸಾಕಲ್ವಾ ಮೇಡಂ?”

“ತಾಪಮಾನಕ್ಕೆ ಸಾಕು, ಮೊತ್ತಕ್ಕೆ ಸಾಲದು. 297 ಕೆಲ್ವಿನ್‌ನಂತೆ 8760 ಸಲ ಕೂಡಿದರೆ 26 ಲಕ್ಷ ಆಗುತ್ತೆ. ಮೊತ್ತ 20,97,152 ದಾಟಿದ ಮೇಲೆ 4 ಬೈಟಿನ ದಶಮಾಂಶಕ್ಕೆ ಕಾಲಿಗಿಂತ ಸಣ್ಣ ಹೆಜ್ಜೆ ಇಡೋದಕ್ಕೆ ಬರಲ್ಲ. 297.43 ಕೂಡು ಅಂದರೆ 297.5 ಕೂಡುತ್ತೆ. ದತ್ತಾಂಶ 4 ಬೈಟಿನಲ್ಲಿ, ಮೊತ್ತ 8 ಬೈಟಿನಲ್ಲಿ. ಮೊತ್ತದ ನಕ್ಷೆ ಬರೀ 8 ಎಂಬಿ ಚಿಲ್ಲರೆ, ಅದಕ್ಕೆ ಜಿಪುಣತನ ಬೇಡ.”

ಇದೇ ಕೆಲಸವನ್ನು ಡಾಸ್ಕ್ ಎಂಬ ಲೈಬ್ರರಿ ತಾನೇ ಹಂಚಿ ಮಾಡಿಸುತ್ತದೆ. ತುಂಡುಗಳ ಪಟ್ಟಿ ಹಾಕಿಕೊಂಡು, ಪ್ರೊಸೆಸರಿನ ಎಲ್ಲ ಕೋರ್‌ಗಳಿಗೂ ಒಂದೊಂದು ಕೊಟ್ಟು, ಮುಗಿದದ್ದನ್ನು ಮೆಮೊರಿಯಿಂದ ಇಳಿಸುತ್ತದೆ. ಅಲ್ಲಿ ತುಂಡು 100 ಎಂಬಿ ಆಸುಪಾಸಿನಲ್ಲಿದ್ದರೆ ಒಳ್ಳೆಯದು. ತೀರಾ ಚಿಕ್ಕದಾದರೆ ಲೆಕ್ಕಕ್ಕಿಂತ ಮೇಸ್ತ್ರಿಯ ಓಡಾಟವೇ ಹೆಚ್ಚಾಗುತ್ತದೆ. ತೀರಾ ದೊಡ್ಡದಾದರೆ ಮತ್ತೆ ಮೆಮೊರಿ ತುಂಬುತ್ತದೆ.

“ನಿನಗೆ ಯಾಕೆ ಇಷ್ಟು ಹೇಳ್ತಿದೀನಿ ಗೊತ್ತಾ?” ಅಂದರು ಅವರು, ದನಿ ತಗ್ಗಿಸಿ. “ದೊಡ್ಡ ಕಂಪ್ಯೂಟರ್ ಇಲ್ಲ ಅಂತ ಊರಿನ ಕಾಲೇಜುಗಳ ಎಷ್ಟೋ ಹುಡುಗರು ಇಂಥ ವಿಷಯಗಳನ್ನೇ ಕೈಬಿಟ್ಟುಬಿಡ್ತಾರೆ. ಇಆರ್‌ಎ5 ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಇಳಿಸುವಾಗಲೇ ಕರ್ನಾಟಕ ಮಾತ್ರ ಸಾಕು ಅಂತ ಗಡಿ ಹಾಕಬಹುದು. ಮಳೆಯ ದತ್ತಾಂಶವೂ ಹಾಗೇ ಸಿಗುತ್ತೆ. ಶಿವಮೊಗ್ಗದಲ್ಲಿ 8 ಜಿಬಿ ಲ್ಯಾಪ್‌ಟಾಪ್ ಇಟ್ಟುಕೊಂಡ ಹುಡುಗಿ ಒಬ್ಬಳು 123 ವರ್ಷದ ಮಳೆ ಪರೀಕ್ಷಿಸಬಹುದು. ಅವಳಿಗೆ ಅಡ್ಡ ಬರ್ತಿರೋದು ಯಂತ್ರ ಅಲ್ಲ, ಹೀಗೆ ಆಗುತ್ತೆ ಅಂತ ಯಾರೂ ಹೇಳದೇ ಇರೋದು.”

ಅವನು ತಲೆಯಾಡಿಸಿದ. ಆಮೇಲೆ, ಕೇಳಲೋ ಬೇಡವೋ ಎಂಬಂತೆ, 1924ರ ಫೈಲನ್ನು ಇಳಿಸಿದ. ಆ ಜುಲೈನಲ್ಲಿ ಕಾವೇರಿ ಉಕ್ಕಿ ಹರಿದದ್ದನ್ನು ಅವನು ಓದಿದ್ದ. ಅದೇ ದಿನಗಳಲ್ಲಿ ಆಗುಂಬೆಯ ಚೌಕ ಏನು ಹೇಳುತ್ತದೆ ಎಂಬ ಕುತೂಹಲ. ಹಿಂದಿನ ಸಾಲನ್ನೇ ನಕಲು ಮಾಡಿ ವರ್ಷ ಬದಲಿಸಿ, ಒತ್ತುವ ಮೊದಲು ಕೈ ತಡೆದ. ಫೈಲಿನ ಗಾತ್ರ ನೋಡಿದ: 2,54,95,560. 69,660ರಿಂದ ಭಾಗಿಸಿದ.

“366,” ಅಂದ. “ಅಧಿಕ ವರ್ಷ.”

ಅವರು ಏನೂ ಹೇಳಲಿಲ್ಲ. ಅವನು ಆಕಾರದ ಮೊದಲ ಸಂಖ್ಯೆಯನ್ನು ತಿದ್ದಿದ, ಜುಲೈ 15 ಈಗ 197ನೇ ದಿನ ಎಂದು ಹಾಳೆಯ ಮೂಲೆಯಲ್ಲಿ ಬರೆದುಕೊಂಡ, ಆಮೇಲೆ ಎಂಟರ್ ಒತ್ತಿದ.